ಬೆಲೆ ಕಟ್ಟಿದವರು, ಬೆಲೆ ತೆತ್ತವನು: ಸಂತ ಜೋಸೆಫಿನ್ ಬಖಿತಾ ಮತ್ತು ಮಾನವ ಘನತೆಯ ಚರಿತ್ರೆ

ದೇವರ ದೃಷ್ಟಿಯಲ್ಲಿ ಪ್ರತಿಯೊಬ್ಬನೂ ಅಮೂಲ್ಯನು ಎಂಬ ಮಾತನ್ನು ಗುರುಗಳಾದ ನಾವು ಬಲಿಪೂಜೆಯ ಪ್ರಬೋಧನೆಯಲ್ಲಿ, ಧ್ಯಾನಕೂಟಗಳಲ್ಲಿ, ಪಾಪನಿವೇದನೆಯ ಪೀಠದಲ್ಲಿ ಪದೇ ಪದೇ ಆಡುತ್ತೇವೆ. ಮಾತು ಸತ್ಯವಾದುದೇ. ಆದರೆ ಕೈಯಿಂದ ಕೈಗೆ ಸಾಗಿ ನಾಣ್ಯದ ಮುದ್ರೆ ಸವೆಯುವಂತೆ ಈ ಮಾತಿನ ಅರ್ಥವೂ ಸವೆದಿದೆ. ಸೋತವನಿಗೆ ಹೇಳುವ ಸಾಂತ್ವನವಾಗಿ, ಮನಸ್ಸಿಗೆ ಹಿತ ತರುವ ಒಂದು ಭಾವನೆಯಾಗಿ ಮಾತ್ರ ಅದು ಈಗ ಕೇಳಿಸುತ್ತದೆ. ದೈವಶಾಸ್ತ್ರದ ತರಗತಿಯಲ್ಲಿ ವಿದ್ಯಾರ್ಥಿಗಳು ಪ್ರತಿ ವರ್ಷವೂ ಒಂದಲ್ಲ ಒಂದು ರೂಪದಲ್ಲಿ ಕೇಳುವ ಪ್ರಶ್ನೆಯೊಂದಿದೆ. ಮಾನವನ ಘನತೆ ಸೃಷ್ಟಿಯಿಂದಲೇ ಬಂದದ್ದಾದರೆ ದೀಕ್ಷಾಸ್ನಾನ ಅದಕ್ಕೆ ಸೇರಿಸುವುದೇನು? ಘನತೆ ದೀಕ್ಷಾಸ್ನಾನದಿಂದ ಬರುವುದಾದರೆ ಅದನ್ನು ಹೊಂದದವರ ಗತಿಯೇನು?

ಇದು ಪರೀಕ್ಷೆಯ ಉತ್ತರಪತ್ರಿಕೆಗೆ ಸೀಮಿತವಾದ ಪ್ರಶ್ನೆಯಲ್ಲ. ಇದಕ್ಕೆ ಧರ್ಮಸಭೆಯೊಳಗೇ ಕೊಡಲಾದ ತಪ್ಪು ಉತ್ತರಗಳಿಗಾಗಿ ಅಸಂಖ್ಯಾತ ಜನರು ತಮ್ಮ ಬದುಕನ್ನೇ ತೆರಬೇಕಾಯಿತು. ಸರಿಯಾದ ಉತ್ತರದ ಕಡೆಗೆ ನಮ್ಮನ್ನು ನಡೆಸುವ ಜೀವನ ಚರಿತ್ರೆಯೊಂದನ್ನು ಈ ಲೇಖನದಲ್ಲಿ ಪರಿಶೀಲಿಸಲಾಗಿದೆ. ಅದು ಸುಡಾನಿನಲ್ಲಿ ಹುಟ್ಟಿ, ಹಲವು ಬಾರಿ ಮಾರಾಟಗೊಂಡು, ಕೊನೆಗೆ ಇಟಲಿಯಲ್ಲಿ ಧರ್ಮಭಗಿನಿಯಾಗಿ ಮಡಿದ ಸಂತ ಜೋಸೆಫಿನ್ ಬಖಿತಾರವರ ಚರಿತ್ರೆ.

ಮರೆತುಹೋದ ಹೆಸರು

ಬಖಿತಾರವರು ಸುಮಾರು 1869ರಲ್ಲಿ ಸುಡಾನಿನ ದಾರ್ಫುರ್ ಪ್ರಾಂತ್ಯದ ಒಲ್ಗೊಸ್ಸ ಎಂಬ ಹಳ್ಳಿಯಲ್ಲಿ ಜನಿಸಿದರು. ಮೊದಲು ಅವರ ಅಕ್ಕನನ್ನು ಗುಲಾಮ ವ್ಯಾಪಾರಿಗಳು ಹೊತ್ತೊಯ್ದರು. ಕೆಲವು ವರ್ಷಗಳ ನಂತರ ಅದೇ ವಿಧಿ ತಂಗಿಗೂ ಒದಗಿತು. ಭಯದ ಆಘಾತಕ್ಕೆ ಸಿಕ್ಕ ಬಾಲಕಿ ತನ್ನ ತಾಯಿ ತಂದೆ ಇಟ್ಟ ಹೆಸರನ್ನೇ ಮರೆತಳು. ಆ ಹೆಸರು ಜೀವಮಾನದಲ್ಲಿ ಮತ್ತೆಂದೂ ಅವರ ನೆನಪಿಗೆ ಬರಲಿಲ್ಲ. ‘ಬಖಿತಾ’ ಎಂಬುದು ಅಪಹರಿಸಿದವರು ಇಟ್ಟ ಹೆಸರು. ಅರಬ್ಬಿ ಭಾಷೆಯಲ್ಲಿ ಅದರ ಅರ್ಥ ‘ಅದೃಷ್ಟವಂತೆ’.

ಮುಂದಿನ ವರ್ಷಗಳಲ್ಲಿ ಎಲ್ ಒಬೈದ್ ಮತ್ತು ಖಾರ್ಟೂಮಿನ ಸಂತೆಗಳಲ್ಲಿ ಆಕೆ ಕೈಯಿಂದ ಕೈಗೆ ಮಾರಾಟವಾದಳು. ತುರ್ಕಿ ಸೇನಾಧಿಪತಿಯೊಬ್ಬನ ತಾಯಿ ಮತ್ತು ಹೆಂಡತಿಯ ಸೇವೆಯಲ್ಲಿದ್ದಾಗ ಚಾವಟಿ ಏಟು ದಿನನಿತ್ಯದ ಅನುಭವವಾಗಿತ್ತು. ಅಲ್ಲಿಯೇ ಅವಳ ಮೈಮೇಲೆ ಹಿಟ್ಟಿನಿಂದ ಚಿತ್ತಾರ ಬರೆದು, ಕ್ಷೌರದ ಕತ್ತಿಯಿಂದ ಆ ಗೆರೆಗಳನ್ನು ಕೊಯ್ದು, ಗಾಯ ಮಾಯದೆ ಗುರುತಾಗಿ ಉಳಿಯಲೆಂದು ಉಪ್ಪು ತುಂಬಲಾಯಿತು. ನೂರಕ್ಕೂ ಹೆಚ್ಚು ಗಾಯದ ಕಲೆಗಳನ್ನು ಅವರು ಸಾಯುವವರೆಗೂ ಹೊತ್ತಿದ್ದರು. ದನಕ್ಕೆ ಬರೆ ಹಾಕಿ ಒಡೆತನ ಸಾರುವಂತೆ ಈ ಗುರುತುಗಳು ಒಡೆಯರ ಸಿರಿಯನ್ನು ಸಾರುತ್ತಿದ್ದವು.

1880ರ ದಶಕದ ಆರಂಭದಲ್ಲಿ ಖಾರ್ಟೂಮಿನಲ್ಲಿದ್ದ ಇಟಲಿಯ ರಾಯಭಾರ ಪ್ರತಿನಿಧಿ ಕಲ್ಲಿಸ್ತೊ ಲೆನ್ಯಾನಿಯವರಿಗಾಗಿ ಬಖಿತಾರನ್ನು ಕೊಳ್ಳಲಾಯಿತು. ಆ ಮನೆಯಲ್ಲಿ ಚಾವಟಿ ಇರಲಿಲ್ಲ. ಮೈತುಂಬ ಬಟ್ಟೆಯೂ ಮೃದುವಾದ ಮಾತೂ ಅಲ್ಲಿ ದೊರೆತವು. ಮಹದಿಯ ಸೈನ್ಯ ಖಾರ್ಟೂಮನ್ನು ಸಮೀಪಿಸಿದಾಗ ಲೆನ್ಯಾನಿಯವರು ಸ್ವದೇಶಕ್ಕೆ ಹೊರಟರು. ಬಖಿತಾರವರು ತಮ್ಮನ್ನೂ ಕರೆದೊಯ್ಯಬೇಕೆಂದು ಬೇಡಿಕೊಂಡರು. 1885ರಲ್ಲಿ ಇಟಲಿಯನ್ನು ತಲುಪಿದ ಮೇಲೆ ಅವರನ್ನು ವೆನಿಸ್ ಸಮೀಪದ ಜಿಯಾನಿಗೊದಲ್ಲಿ ವಾಸವಾಗಿದ್ದ ಮಿಕಿಯೆಲಿ ಕುಟುಂಬಕ್ಕೆ ಉಡುಗೊರೆಯಾಗಿ ಕೊಡಲಾಯಿತು.

ಈ ಕೊನೆಯ ವಾಕ್ಯದ ಬಳಿ ಓದುಗರು ಒಂದು ಗಳಿಗೆ ನಿಲ್ಲಬೇಕೆಂದು ಬಿನ್ನಹ. ಲೆನ್ಯಾನಿಯವರು ಕ್ರೂರಿಯಲ್ಲ. ಹಿಂದಿನ ಯಾವ ಒಡೆಯನೂ ತೋರದ ಕರುಣೆಯನ್ನು ಅವರು ತೋರಿದರು. ಆದರೂ ಒಬ್ಬ ಮನುಷ್ಯಳನ್ನು ಇನ್ನೊಬ್ಬರಿಗೆ ಉಡುಗೊರೆಯಾಗಿ ಕೊಡಬಹುದು ಎಂಬ ಕಲ್ಪನೆ ಅವರಿಗೆ ಅಸಹಜವಾಗಿ ಕಾಣಲಿಲ್ಲ. ಕರುಣೆಗೂ ಘನತೆಯ ಮಾನ್ಯತೆಗೂ ಇರುವ ಅಂತರ ಇದು. ಸಾಕಿದ ಪ್ರಾಣಿಯ ಮೇಲೂ ಕರುಣೆ ತೋರಬಹುದು. ಘನತೆಯನ್ನು ಮಾನ್ಯಮಾಡುವವನು ಎದುರಿಗಿರುವವನ ಸಮ್ಮತಿಯನ್ನು ಕೇಳಬೇಕಾಗುತ್ತದೆ.

ವೆನಿಸಿನ ನಲವತ್ತೊಂದು ದಿನಗಳು

ಮಿಕಿಯೆಲಿ ಮನೆಯಲ್ಲಿ ಬಖಿತಾರವರು ಮಿಮ್ಮಿನಾ ಎಂದು ಕರೆಯಲಾಗುತ್ತಿದ್ದ ಹೆಣ್ಣುಮಗುವಿನ ದಾದಿಯಾದರು. ಮನೆತನದ ವ್ಯವಹಾರ ನೋಡಿಕೊಳ್ಳುತ್ತಿದ್ದ ಇಲ್ಲುಮಿನಾತೊ ಕೆಕ್ಕಿನಿ ಎಂಬ ಭಕ್ತರು ಅವರಿಗೆ ಬೆಳ್ಳಿಯ ಶಿಲುಬೆಯೊಂದನ್ನು ಕೊಟ್ಟರು. ಅದರ ಮೇಲಿದ್ದವನು ಯಾರೆಂದು ಅರಿಯದೆಯೇ ಬಖಿತಾರವರು ಅದನ್ನು ಗುಟ್ಟಾಗಿ ತೆಗೆದು ತೆಗೆದು ನೋಡುತ್ತಿದ್ದರು. ಮಿಕಿಯೆಲಿಯವರು ಕೆಂಪು ಸಮುದ್ರದ ತೀರದ ಸುವಾಕಿನ್‌ನಲ್ಲಿ ಹೋಟೆಲೊಂದನ್ನು ಹೊಂದಿದ್ದರು. 1888ರ ಕೊನೆಯಲ್ಲಿ ಮನೆಯೊಡತಿ ಅಲ್ಲಿಗೆ ಹೋಗಬೇಕಾದಾಗ ಮಗುವನ್ನೂ ದಾದಿಯನ್ನೂ ವೆನಿಸಿನ ದೀಕ್ಷಾರ್ಥಿಗಳ ನಿಲಯದಲ್ಲಿ, ಕನೋಸ್ಸಿಯನ್ ಭಗಿನಿಯರ ವಶದಲ್ಲಿ ಬಿಟ್ಟುಹೋದರು.

ಅಲ್ಲಿ ಧರ್ಮೋಪದೇಶ ಆರಂಭವಾಯಿತು. ಬಾಲ್ಯದಲ್ಲಿ ಸೂರ್ಯ ಚಂದ್ರ ನಕ್ಷತ್ರಗಳನ್ನು ನೋಡಿ ಇವುಗಳ ಒಡೆಯನು ಯಾರಿರಬಹುದು ಎಂದು ತಾವು ಬೆರಗಾಗುತ್ತಿದ್ದುದನ್ನು ಬಖಿತಾರವರು ಮುಂದೆ ನೆನಪಿಸಿಕೊಂಡಿದ್ದಾರೆ. ಆ ಪ್ರಶ್ನೆಗೆ ಈಗ ಉತ್ತರ ದೊರೆಯಿತು. ವೆನಿಸಿನ ಆಡುಭಾಷೆಯಲ್ಲಿ ಒಡೆಯನಿಗೆ ‘ಪರೋನ್’ ಎನ್ನುತ್ತಾರೆ; ನಮ್ಮ ‘ಧಣಿ’ ಎಂಬ ಪದಕ್ಕೆ ಅದು ಸಮೀಪದ್ದು. ಅದುವರೆಗೆ ತಮ್ಮನ್ನು ಹೊಡೆದ, ಮಾರಿದ, ಹೆಚ್ಚೆಂದರೆ ಉಪಯುಕ್ತ ಸೇವಕಿಯೆಂದು ಎಣಿಸಿದ ಧಣಿಗಳನ್ನಷ್ಟೇ ಕಂಡಿದ್ದವರು ಎಲ್ಲ ಧಣಿಗಳ ಮೇಲೂ ಒಬ್ಬ ಧಣಿಯಿದ್ದಾನೆಂದು ಕೇಳಿದರು. ಆತ ತಮ್ಮನ್ನು ಬಲ್ಲವನು, ತಾನೇ ಚಾವಟಿ ಏಟು ತಿಂದವನು, ತಮಗಾಗಿ ಕಾದಿರುವವನು ಎಂದು ತಿಳಿದರು. ಜಗದ್ಗುರು ಹದಿನಾರನೇ ಬೆನೆಡಿಕ್ಟರು 2007ರ ‘ಸ್ಪೇ ಸಾಲ್ವಿ’ ಪರಿಪತ್ರದ ಆರಂಭದಲ್ಲೇ ಕ್ರೈಸ್ತ ಭರವಸೆಗೆ ಈ ಹೆಣ್ಣುಮಗಳನ್ನು ಉದಾಹರಣೆಯಾಗಿ ಆರಿಸಿಕೊಂಡದ್ದು ಈ ಕಾರಣಕ್ಕಾಗಿಯೇ.

ಮುಂದಿನ ವರ್ಷ ಮನೆಯೊಡತಿ ಮರಳಿ ಬಂದು, ಮಗುವನ್ನೂ ಬಖಿತಾರನ್ನೂ ಸುವಾಕಿನ್‌ಗೆ ಕರೆದೊಯ್ಯಲು ಸಿದ್ಧರಾದರು. ಬಖಿತಾರವರು ಬರಲಾರೆನೆಂದರು. ಆಜ್ಞೆಗೆ ತಲೆಬಾಗುವುದನ್ನೇ ಬದುಕೆಂದು ಕಲಿತಿದ್ದವರು ಮೊದಲ ಬಾರಿಗೆ ಒಡೆಯರ ಇಚ್ಛೆಯನ್ನು ಬಹಿರಂಗವಾಗಿ ನಿರಾಕರಿಸಿದರು. ಆ ನಿರಾಕರಣೆ ಸುಲಭವಾಗಿರಲಿಲ್ಲ. ತಾವು ಎತ್ತಿ ಆಡಿಸಿದ ಮಗುವನ್ನು ಅದಕ್ಕಾಗಿ ಅಗಲಬೇಕಾಯಿತು. ನಿಲಯದ ಮುಖ್ಯಸ್ಥೆ ಬಖಿತಾರ ಪರವಾಗಿ ನಿಂತರು. ವಿಷಯವು ವೆನಿಸಿನ ಮಹಾಪಾಲಕರಾದ ಕಾರ್ಡಿನಲ್ ದೊಮೆನಿಕೊ ಅಗೊಸ್ತಿನಿಯವರವರೆಗೂ ರಾಜನ ಅಭಿಯೋಜಕರವರೆಗೂ ಹೋಯಿತು. 1889ರ ನವೆಂಬರ್ 29ರಂದು ತೀರ್ಮಾನ ಹೊರಬಿದ್ದಿತು. ಇಟಲಿಯ ಕಾನೂನು ಗುಲಾಮಗಿರಿಯನ್ನು ಮಾನ್ಯಮಾಡುವುದಿಲ್ಲವಾದ್ದರಿಂದ ಬಖಿತಾ ಸ್ವತಂತ್ರಳು. ಎಲ್ಲಿರಬೇಕೆಂಬುದನ್ನು ಆಕೆಯೇ ನಿರ್ಧರಿಸಬೇಕು.

1890ರ ಜನವರಿ 9ರಂದು ಅವರು ದೀಕ್ಷಾಸ್ನಾನ ಹೊಂದಿದರು. ಅದೇ ದಿನ ಕಾರ್ಡಿನಲ್ ಅಗೊಸ್ತಿನಿಯವರಿಂದ ದೃಢೀಕರಣವನ್ನೂ ಪರಮಪ್ರಸಾದವನ್ನೂ ಸ್ವೀಕರಿಸಿದರು. ಬಿಡುಗಡೆಯ ದಿನಕ್ಕೂ ದೀಕ್ಷಾಸ್ನಾನದ ದಿನಕ್ಕೂ ನಡುವೆ ನಲವತ್ತೊಂದು ದಿನಗಳ ಅಂತರವಿದೆ. ಭಕ್ತಿಸಾಹಿತ್ಯದಲ್ಲಿ ಈ ಎರಡು ದಿನಗಳನ್ನು ಒಂದೇ ಘಟನೆಯೆಂಬಂತೆ ಬೆರೆಸಿ ಹೇಳುವುದುಂಟು. ಆದರೆ ಕ್ರಮ ಮುಖ್ಯ. ಬಖಿತಾರವರು ಕ್ರೈಸ್ತರಾದ ಕಾರಣದಿಂದ ಸ್ವತಂತ್ರರಾಗಲಿಲ್ಲ. ಸ್ವತಂತ್ರರಾಗಿಯೇ, ತಮ್ಮ ಸ್ವಂತ ಇಚ್ಛೆಯಿಂದ ಕ್ರೈಸ್ತರಾದರು.

ಹದಿನೈದು ಶತಮಾನಗಳ ವಿಳಂಬ

ಈ ಕ್ರಮದ ದೈವಶಾಸ್ತ್ರೀಯ ತೂಕವನ್ನು ಅರಿಯಲು ವೆನಿಸಿನಿಂದ ಹಿಂದಕ್ಕೆ, ನಾಲ್ಕನೆಯ ಶತಮಾನದ ಕಪ್ಪದೋಕಿಯಕ್ಕೆ ಹೋಗಬೇಕು. ನಿಸ್ಸದ ಧರ್ಮಾಧ್ಯಕ್ಷರಾದ ಸಂತ ಗ್ರೆಗೊರಿಯವರು ಸುಮಾರು 380ರಲ್ಲಿ ಉಪದೇಶಕನ ಗ್ರಂಥವನ್ನು ಕುರಿತು ಪ್ರಬೋಧನೆಗಳನ್ನು ನೀಡಿದರು. ಆ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ವಕ್ತಾರನು ತಾನು ದಾಸದಾಸಿಯರನ್ನು ಸಂಪಾದಿಸಿದೆನೆಂದು ಹೇಳಿಕೊಳ್ಳುತ್ತಾನೆ. ನಾಲ್ಕನೆಯ ಪ್ರಬೋಧನೆಯಲ್ಲಿ ಗ್ರೆಗೊರಿಯವರು ಈ ಮಾತನ್ನು ಹಿಡಿದು ನಿಲ್ಲಿಸಿ, ವ್ಯಾಪಾರಿಯ ಲೆಕ್ಕದ ಭಾಷೆಯಲ್ಲೇ ಅದನ್ನು ಪ್ರಶ್ನಿಸುತ್ತಾರೆ. ಮನುಷ್ಯನನ್ನು ಕೊಂಡೆನೆನ್ನುವವನು ಎಷ್ಟು ಹಣ ಕೊಟ್ಟನು? ದೇವರ ಪ್ರತಿರೂಪಕ್ಕೆ ಸರಿತೂಗುವ ನಾಣ್ಯ ಯಾವುದು? ಭೂಮಿಯನ್ನೂ ಅದರಲ್ಲಿರುವುದೆಲ್ಲವನ್ನೂ ಆಳಲೆಂದು ದೇವರು ಮನುಷ್ಯನನ್ನು ನೇಮಿಸಿರುವಾಗ, ಅವನನ್ನು ಕೊಳ್ಳಹೊರಟವನು ಅವನೊಡನೆ ಇಡೀ ಭೂಮಿಯನ್ನೂ ಕೊಳ್ಳಬೇಕಲ್ಲವೆ? ಪಾಪದ ದಾಸತ್ವದಿಂದ ನಮ್ಮನ್ನು ಬಿಡಿಸಿದ ದೇವರೇ ಮನುಷ್ಯನನ್ನು ದಾಸನನ್ನಾಗಿ ಮಾಡದಿರುವಾಗ ಬೇರೆಯವರಿಗೆ ಆ ಅಧಿಕಾರ ಎಲ್ಲಿಯದು? ಪುರಾತನ ಕಾಲದಿಂದ ಉಳಿದುಬಂದಿರುವ ಬರಹಗಳಲ್ಲಿ ಗುಲಾಮಗಿರಿಯ ವಿರುದ್ಧ ಇಷ್ಟು ನೇರವಾದ ವಾದ ಬಹು ವಿರಳ. ಅವರ ಸಹೋದರಿ ಸಂತ ಮಕ್ರೀನರು ತಮ್ಮ ಮನೆಯ ದಾಸಿಯರೊಡನೆ ಸರಿಸಮಾನವಾಗಿ, ಒಂದೇ ಬಗೆಯ ಊಟ ಹಾಸಿಗೆಗಳೊಂದಿಗೆ ಬದುಕಿದರೆಂಬುದನ್ನು ಗ್ರೆಗೊರಿಯವರೇ ದಾಖಲಿಸಿದ್ದಾರೆ.

ಇಲ್ಲಿ ಗಮನಿಸಬೇಕಾದುದೊಂದಿದೆ. ಗ್ರೆಗೊರಿಯವರ ವಾದ ಆದಿಕಾಂಡದ ಮೊದಲ ಅಧ್ಯಾಯದ ಮೇಲೆ ನಿಂತಿದೆ. ದಾಸನು ದೀಕ್ಷಾಸ್ನಾನ ಹೊಂದಿದ್ದಾನೆಯೇ ಎಂದು ಅವರು ಕೇಳುವುದಿಲ್ಲ. ದೇವರ ಪ್ರತಿರೂಪ ಎಂಬುದು ಎಲ್ಲ ಮನುಷ್ಯರಿಗೂ ಸಲ್ಲುವ ಬಿರುದು.

ಆದರೆ ಈ ವಾದ ಧರ್ಮಸಭೆಯ ಮುಖ್ಯಪ್ರವಾಹವಾಗಲಿಲ್ಲ. ಸಂತ ಅಗಸ್ಟೀನರು ‘ದೇವರ ನಗರ’ದ ಹತ್ತೊಂಬತ್ತನೆಯ ಸಂಪುಟದಲ್ಲಿ ಗುಲಾಮಗಿರಿ ಸೃಷ್ಟಿಯ ಕ್ರಮದಲ್ಲಿಲ್ಲವೆಂದು ಒಪ್ಪಿದರೂ, ಪಾಪದ ಪರಿಣಾಮವಾಗಿ ಬಂದ ದಂಡನೆಯೆಂದು ಅದನ್ನು ಸಹಿಸಿಕೊಂಡರು. ಮುಂದಿನ ಶತಮಾನಗಳು ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿದವು. 1452ರಲ್ಲಿ ಜಗದ್ಗುರು ಐದನೇ ನಿಕೋಲಾಸರು ‘ದುಮ್ ದಿವೆರ್ಸಾಸ್’ ಎಂಬ ಆಜ್ಞಾಪತ್ರದ ಮೂಲಕ, ಮುಸ್ಲಿಮರನ್ನೂ ಇತರ ಅಕ್ರೈಸ್ತರನ್ನೂ ನಿರಂತರ ದಾಸತ್ವಕ್ಕೆ ತಳ್ಳಲು ಪೋರ್ಚುಗಲ್ಲಿನ ಅರಸನಿಗೆ ಅನುಮತಿಯಿತ್ತರು. ನಮ್ಮ ವಿದ್ಯಾರ್ಥಿಗಳ ಪ್ರಶ್ನೆಗೆ ಕೊಡಲಾದ ತಪ್ಪು ಉತ್ತರವನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಘನತೆಯ ಗಡಿಯನ್ನು ದೀಕ್ಷಾಸ್ನಾನದ ತೊಟ್ಟಿಯ ಅಂಚಿನಲ್ಲಿ ಎಳೆದಾಗ, ಗಡಿಯ ಆಚೆ ಇರುವವನು ವಸ್ತುವಾಗಿಬಿಡುತ್ತಾನೆ.

1537ರಲ್ಲಿ ಜಗದ್ಗುರು ಮೂರನೇ ಪೌಲರು ‘ಸುಬ್ಲಿಮಿಸ್ ದೇಯುಸ್’ ಆಜ್ಞಾಪತ್ರದಲ್ಲಿ ಈ ಗಡಿಯನ್ನು ಅಳಿಸಿದರು. ಅಮೆರಿಕದ ಮೂಲನಿವಾಸಿಗಳೂ ಇನ್ನು ಮುಂದೆ ಕ್ರೈಸ್ತರಿಗೆ ಪರಿಚಯವಾಗುವ ಎಲ್ಲ ಜನಾಂಗಗಳೂ ವಿಶ್ವಾಸದ ಹೊರಗಿದ್ದರೂ ಸಹ, ಅವರ ಸ್ವಾತಂತ್ರ್ಯವನ್ನಾಗಲಿ ಆಸ್ತಿಯನ್ನಾಗಲಿ ಕಿತ್ತುಕೊಳ್ಳುವಂತಿಲ್ಲ ಎಂದು ಸಾರಿದರು. ಬೋಧನೆ ಸ್ಪಷ್ಟವಾಗಿತ್ತು, ಪಾಲನೆ ಇರಲಿಲ್ಲ. ಮೂರು ಶತಮಾನಗಳ ನಂತರ, 1838ರಲ್ಲಿ, ಅಮೆರಿಕದ ಮೇರಿಲ್ಯಾಂಡಿನ ಯೇಸುಸಭೆಯ ಗುರುಗಳು ತಮ್ಮ ಒಡೆತನದಲ್ಲಿದ್ದ 272 ಮಂದಿ ಗುಲಾಮರನ್ನು ಮಾರಿದರು. ಮರುವರ್ಷವೇ ಜಗದ್ಗುರು ಹದಿನಾರನೇ ಗ್ರೆಗೊರಿಯವರು ಗುಲಾಮ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದರು. ಹಾಗಿದ್ದೂ 1866ರಲ್ಲಿ, ಇಥಿಯೋಪಿಯದ ಪ್ರೇಷಿತ ಕ್ಷೇತ್ರದಿಂದ ಬಂದ ಪ್ರಶ್ನೆಗಳಿಗೆ ಉತ್ತರಿಸುತ್ತ ರೋಮಿನ ಪವಿತ್ರ ಕಚೇರಿಯು, ಗುಲಾಮಗಿರಿ ತನ್ನಷ್ಟಕ್ಕೆ ನಿಸರ್ಗ ನಿಯಮಕ್ಕೆ ವಿರುದ್ಧವಾದುದಲ್ಲ ಎಂದು ಹೇಳಿತು. ಇದಾದ ಸುಮಾರು ಮೂರು ವರ್ಷಗಳಲ್ಲಿ ಬಖಿತಾರ ಜನನ.

1888ರ ಮೇ 5ರಂದು ಜಗದ್ಗುರು ಹದಿಮೂರನೇ ಲಿಯೋರವರು ಬ್ರೆಜಿಲಿನ ಧರ್ಮಾಧ್ಯಕ್ಷರಿಗೆ ಬರೆದ ‘ಇನ್ ಪ್ಲೂರಿಮಿಸ್’ ಪರಿಪತ್ರದಲ್ಲಿ ಗುಲಾಮಗಿರಿಯ ನಿರ್ಮೂಲನೆಯನ್ನು ಎತ್ತಿಹಿಡಿದರು. ಬಖಿತಾರವರು ವೆನಿಸಿನ ನಿಲಯದ ಹೊಸ್ತಿಲು ತುಳಿದದ್ದು ಅದೇ ವರ್ಷದಲ್ಲಿ. 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆಯ ‘ಗೌದಿಯುಮ್ ಎತ್ ಸ್ಪೆಸ್’ ಸಂವಿಧಾನವು ಗುಲಾಮಗಿರಿಯನ್ನು ಮಾನವ ಘನತೆಗೆ ಎಸಗುವ ಅಪಚಾರಗಳ ಪಟ್ಟಿಯಲ್ಲಿ ಸೇರಿಸಿತು. ಗ್ರೆಗೊರಿಯವರ ಪ್ರಬೋಧನೆಯಿಂದ ಇಲ್ಲಿಗೆ ಹದಿನೈದು ಶತಮಾನಗಳಿಗೂ ಮಿಗಿಲಾದ ಕಾಲ. ಸತ್ಯ ನಮ್ಮ ಕೈಯಲ್ಲಿತ್ತು. ಅದರ ಲಾಭ ಆಗಬೇಕಾದವರಿಗೆ ಆಗಲಿಲ್ಲ. ಧರ್ಮಸಭೆಯ ಚರಿತ್ರೆಯನ್ನು ಬೋಧಿಸುವವರು ಈ ವಿಳಂಬವನ್ನು ಮುಚ್ಚಿಡಬಾರದು.

ದೀಕ್ಷಾಸ್ನಾನ ಸೇರಿಸಿದ್ದು

ಹಾಗಾದರೆ 1890ರ ಜನವರಿ 9ರಂದು ಬಖಿತಾರವರಿಗೆ ದೊರೆತದ್ದೇನು? ಘನತೆ ಅವರಲ್ಲಿ ಮೊದಲೇ ಇತ್ತು. ಎಲ್ ಒಬೈದಿನ ಸಂತೆಯಲ್ಲಿ ಸರಪಳಿ ತೊಟ್ಟು ನಿಂತಿದ್ದಾಗಲೂ ಅದು ಒಂದು ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ. ಆದರೆ ಅದನ್ನು ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ದೇವರ ಪ್ರತಿರೂಪವೆಂಬ ಘನತೆ ಸೃಷ್ಟಿಯ ವರ; ದೇವರ ಪುತ್ರಿಯೆಂಬ ಸಂಬಂಧ ದೀಕ್ಷಾಸ್ನಾನದ ವರ. ಮೊದಲನೆಯದನ್ನು ಎರಡನೆಯದು ಉಂಟುಮಾಡುವುದಿಲ್ಲ. ಅದನ್ನು ಬೆಳಕಿಗೆ ತರುತ್ತದೆ, ಅದಕ್ಕೊಬ್ಬ ತಂದೆಯನ್ನೂ ಒಂದು ಮನೆಯನ್ನೂ ಕೊಡುತ್ತದೆ. ವಯಸ್ಸಾದ ಮೇಲೂ ಬಖಿತಾರವರು ದೀಕ್ಷಾಸ್ನಾನದ ತೊಟ್ಟಿಗೆ ಮುತ್ತಿಟ್ಟು, ತಾವು ದೇವರ ಮಗಳಾದದ್ದು ಇಲ್ಲಿಯೇ ಎಂದು ಹೇಳುತ್ತಿದ್ದರಂತೆ. ಅವರು ನೆನೆದದ್ದು ಬಿಡುಗಡೆಯ ಆದೇಶವನ್ನಲ್ಲ, ತಂದೆಯನ್ನು ಪಡೆದ ಸ್ಥಳವನ್ನು.

ಕನ್ನಡದಲ್ಲಿ ‘ಬೆಲೆ’ ಎಂಬ ಪದದೊಡನೆ ನಾವು ಎರಡು ಕ್ರಿಯಾಪದಗಳನ್ನು ಬಳಸುತ್ತೇವೆ. ಸಂತೆಯಲ್ಲಿ ವಸ್ತುವಿಗೆ ಬೆಲೆ ಕಟ್ಟುತ್ತೇವೆ. ಹಿರಿಯರ ಮಾತಿಗೆ ಬೆಲೆ ಕೊಡುತ್ತೇವೆ. ಕಟ್ಟುವುದರಲ್ಲಿ ಲೆಕ್ಕಾಚಾರವಿದೆ, ಕೊಡುವುದರಲ್ಲಿ ಗೌರವವಿದೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಆರನೆಯ ಮತ್ತು ಏಳನೆಯ ಅಧ್ಯಾಯಗಳಲ್ಲಿ ಸಂತ ಪೌಲರು, ವಿಶ್ವಾಸಿಗಳು ಬೆಲೆಗೆ ಕೊಳ್ಳಲಾದವರೆಂದು ಎರಡು ಬಾರಿ ನೆನಪಿಸುತ್ತಾರೆ. ಆ ಊರಿನ ಸಂತೆಯನ್ನು ಬಲ್ಲ, ಸ್ವತಃ ದಾಸರಾಗಿದ್ದ ಕೇಳುಗರಿಗೆ ಅದು ಬರಿಯ ರೂಪಕವಾಗಿರಲಿಲ್ಲ. ಆದರೆ ಪೌಲರು ತೆಗೆಯುವ ತೀರ್ಮಾನ ಸಂತೆಯ ತರ್ಕವನ್ನು ತಲೆಕೆಳಗು ಮಾಡುತ್ತದೆ: ಕ್ರಿಸ್ತನಿಂದ ಕೊಳ್ಳಲ್ಪಟ್ಟ ಕಾರಣದಿಂದಲೇ ಅವರು ಮನುಷ್ಯರ ದಾಸರಾಗಬಾರದು. ಹಲವರು ಬಖಿತಾರಿಗೆ ಬೆಲೆ ಕಟ್ಟಿದರು. ಒಬ್ಬನು ಮಾತ್ರ ತನ್ನನ್ನೇ ಬೆಲೆಯಾಗಿ ತೆತ್ತನು. ಕೊಂಡ ಮೇಲೂ ಆತ ಅವರ ಸಮ್ಮತಿಗಾಗಿ ಕಾದನು.

ದೀಕ್ಷಾಸ್ನಾನದಲ್ಲಿ ಅವರು ಪಡೆದ ಹೆಸರು ಜುಸೆಪ್ಪಿನಾ ಮಾರ್ಗರೀತಾ ಫೋರ್ತುನಾತಾ. ಕೊನೆಯ ಪದ ‘ಬಖಿತಾ’ ಎಂಬುದರ ಇಟಾಲಿಯನ್ ರೂಪ. ತಾಯಿ ತಂದೆಯ ಹೆಸರು ಮರಳಿ ಬರಲಿಲ್ಲ. ಕಳ್ಳರು ಇಟ್ಟ ಹೆಸರನ್ನೇ ಧರ್ಮಸಭೆ ನೀರಿನಲ್ಲಿ ತೊಳೆದು ಅವರಿಗೆ ಹಿಂದಿರುಗಿಸಿತು. ವರಪ್ರಸಾದವು ಕಳೆದುಹೋದ ಕಾಲವನ್ನು ಅಳಿಸುವುದಿಲ್ಲ. ಇದ್ದುದನ್ನು ಎತ್ತಿಕೊಂಡು ಬೇರೊಂದು ಅರ್ಥದಲ್ಲಿ ನಿಲ್ಲಿಸುತ್ತದೆ.

ಸ್ಕಿಯೊ ಪಟ್ಟಣದ ಬಾಗಿಲು

1896ರ ಡಿಸೆಂಬರ್ 8ರಂದು ಅವರು ಕನೋಸ್ಸಿಯನ್ ಭಗಿನಿಯಾಗಿ ವ್ರತ ಸ್ವೀಕರಿಸಿದರು. 1902ರಿಂದ ಉತ್ತರ ಇಟಲಿಯ ಸ್ಕಿಯೊ ಎಂಬ ಪಟ್ಟಣದ ಮಠ ಅವರ ಮನೆಯಾಯಿತು. ಅಡುಗೆ, ಕಸೂತಿ, ಪೂಜಾಸಾಮಗ್ರಿಗಳ ಪಾಲನೆ, ಬಾಗಿಲು ಕಾಯುವುದು ಅವರ ಕೆಲಸಗಳಾಗಿದ್ದವು. ಊರಿನವರು ಅವರನ್ನು ಪ್ರೀತಿಯಿಂದ ‘ಮಾದ್ರೆ ಮೊರೆತ್ತಾ’, ಅಂದರೆ ಕಪ್ಪು ಬಣ್ಣದ ಅಮ್ಮ, ಎನ್ನುತ್ತಿದ್ದರು. ಆ ಪ್ರೀತಿಯಲ್ಲೂ ಮೈಬಣ್ಣದ ಕುತೂಹಲ ಉಳಿದೇ ಇತ್ತೆಂಬುದನ್ನು ನಾವು ಒಪ್ಪಬೇಕು. 1931ರಲ್ಲಿ ಅವರ ಜೀವನ ಕಥನ ಪುಸ್ತಕವಾಗಿ ಪ್ರಕಟವಾದ ಮೇಲೆ ಇಟಲಿಯ ಉದ್ದಗಲಕ್ಕೂ ಜನರು ಅವರನ್ನು ನೋಡಲು ಹಂಬಲಿಸಿದರು.

ತಮ್ಮನ್ನು ಅಪಹರಿಸಿದವರು ಎದುರಾದರೆ ಮೊಣಕಾಲೂರಿ ಅವರ ಕೈಗೆ ಮುತ್ತಿಡುವೆನೆಂದು ಬಖಿತಾರವರು ಹೇಳಿದ್ದರು. ಆ ದಾರಿಯಲ್ಲದಿದ್ದರೆ ತಾವು ಕ್ರಿಸ್ತನನ್ನು ಅರಿಯುತ್ತಿರಲಿಲ್ಲವೆಂಬುದು ಅವರ ಕಾರಣ. ಈ ಮಾತನ್ನು ಪೀಠದಿಂದ ಉಲ್ಲೇಖಿಸುವಾಗ ಎಚ್ಚರ ಅಗತ್ಯ. ಕ್ಷಮೆ ಅವರ ಸ್ವಾತಂತ್ರ್ಯದಿಂದ ಹೊಮ್ಮಿದ ದಾನ. ಅದನ್ನು ತೋರಿಸಿ, ಇಂದು ಪೆಟ್ಟು ತಿನ್ನುತ್ತಿರುವ ಹೆಣ್ಣುಮಗಳಿಗೆ ಸಹಿಸಿಕೋ ಎಂದು ಹೇಳುವ ಹಕ್ಕು ನಮಗಿಲ್ಲ. ಬಖಿತಾರವರು ಕ್ಷಮಿಸುವ ಮೊದಲು ‘ಬರಲಾರೆ’ ಎಂದಿದ್ದರು. ಆ ನಿರಾಕರಣೆಯನ್ನು ಬಿಟ್ಟು ಕ್ಷಮೆಯನ್ನಷ್ಟೇ ಹೇಳುವುದು ಅವರ ಚರಿತ್ರೆಗೆ ದ್ರೋಹ ಬಗೆದಂತೆ.

1947ರ ಫೆಬ್ರವರಿ 8ರಂದು ಅವರು ಸ್ಕಿಯೊದಲ್ಲಿ ನಿಧನರಾದರು. ಕೊನೆಯ ದಿನಗಳ ಜ್ವರದ ಬೇಗೆಯಲ್ಲಿ ಗುಲಾಮಗಿರಿಯ ದಿನಗಳು ಮರಳಿ ಬಂದು, ಸರಪಳಿ ಭಾರವಾಗಿದೆ, ಸ್ವಲ್ಪ ಸಡಿಲಿಸಿರೆಂದು ಆರೈಕೆ ಮಾಡುತ್ತಿದ್ದ ಭಗಿನಿಯನ್ನು ಬೇಡಿಕೊಂಡರು. ದೀಕ್ಷಾಸ್ನಾನವಾಗಿ 57 ವರ್ಷಗಳು ಕಳೆದಿದ್ದರೂ ದೇಹ ಮರೆತಿರಲಿಲ್ಲ. ವಿಶ್ವಾಸದಲ್ಲಿ ತನ್ನ ಬೆಲೆಯನ್ನು ಕಂಡುಕೊಂಡವನಿಗೆ ಗಾಯಗಳೇ ಇರುವುದಿಲ್ಲವೆಂದು ಯಾರೂ ಬೋಧಿಸದಿರಲಿ. 2000ದ ಅಕ್ಟೋಬರ್ 1ರಂದು ಜಗದ್ಗುರು ಎರಡನೇ ಜಾನ್ ಪೌಲರು ಅವರನ್ನು ಸಂತರೆಂದು ಸಾರಿದರು. ಅವರ ಸ್ಮರಣೆಯ ದಿನವಾದ ಫೆಬ್ರವರಿ 8ನ್ನು 2015ರಿಂದ ಮಾನವ ಕಳ್ಳಸಾಗಣೆಯ ವಿರುದ್ಧದ ಅಂತರರಾಷ್ಟ್ರೀಯ ಪ್ರಾರ್ಥನಾ ದಿನವಾಗಿ ಆಚರಿಸಲಾಗುತ್ತಿದೆ.

ಗುರುಗಳಿಗೆ ಉಳಿಯುವ ಪಾಠ

ಈ ಚರಿತ್ರೆ ನಮ್ಮ ಬೋಧನೆಗೂ ನಡತೆಗೂ ಮೂರು ವಿಷಯಗಳನ್ನು ಕಲಿಸುತ್ತದೆ. ಮೊದಲನೆಯದಾಗಿ, ಮನುಷ್ಯನು ತನ್ನ ಬೆಲೆಯನ್ನು ತಾನೇ ಕಲ್ಪಿಸಿಕೊಳ್ಳುವುದಿಲ್ಲ. ಅದನ್ನು ಇನ್ನೊಬ್ಬರ ಬಾಯಿಂದ ಕೇಳಿ ತಿಳಿಯುತ್ತಾನೆ. ಬಖಿತಾರಿಗೆ ಒಬ್ಬ ಕೆಕ್ಕಿನಿ, ಕೆಲವು ಧರ್ಮಭಗಿನಿಯರು ಬೇಕಾದರು. ಎರಡನೆಯದಾಗಿ, ಹಾಗೆ ಹೇಳಿದವರು ಹೇಳಿದ್ದಕ್ಕೆ ಜವಾಬ್ದಾರರಾಗುತ್ತಾರೆ. ನಿಲಯದ ಮುಖ್ಯಸ್ಥೆ ಧರ್ಮೋಪದೇಶ ಮುಗಿಸಿ, ಮನೆಯೊಡತಿ ಬಂದಾಗ ಬಾಗಿಲು ತೆರೆದು ಶಿಷ್ಯೆಯನ್ನು ಒಪ್ಪಿಸಿಬಿಟ್ಟಿದ್ದರೆ ಆ ಉಪದೇಶವೆಲ್ಲ ಸುಳ್ಳಾಗುತ್ತಿತ್ತು. ಮೂರನೆಯದಾಗಿ, ದೀಕ್ಷಾಸ್ನಾನ ಹೊಂದದ ನೆರೆಯವನ ಘನತೆಯನ್ನು ಕಾಯದ ಧರ್ಮಸಭೆ ದೀಕ್ಷಾಸ್ನಾನದ ಘನತೆಯನ್ನೂ ಅರಿತಿರುವುದಿಲ್ಲ.

ನಮ್ಮ ನಾಡಿಗೂ ಈ ಮಾತು ಸಲ್ಲುತ್ತದೆ. ಸಾಲದ ಲೆಕ್ಕದಲ್ಲಿ ಮನುಷ್ಯನನ್ನು ಕಟ್ಟಿಹಾಕುವ ‘ಜೀತ’ ಎಂಬ ಪದ ಕನ್ನಡಿಗರಿಗೆ ನಿಘಂಟು ನೋಡಿ ತಿಳಿಯಬೇಕಾದುದಲ್ಲ. ಅದನ್ನು ನಿಷೇಧಿಸುವ ಕೇಂದ್ರ ಶಾಸನ ಬಂದದ್ದು 1976ರಲ್ಲಿ. ಧರ್ಮಸಭೆಯೊಳಗೇ ಜಾತಿಯ ತಾರತಮ್ಯವಿದೆಯೆಂದು ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿದೆ. ಒಂದೇ ತೊಟ್ಟಿಯ ನೀರಿನಲ್ಲಿ ದೀಕ್ಷಾಸ್ನಾನ ಹೊಂದಿದವರ ನಡುವೆಯೂ ಬೆಲೆ ಕಟ್ಟುವ ಅಭ್ಯಾಸ ಉಳಿದಿದೆ ಎಂದಲ್ಲವೆ ಇದರ ಅರ್ಥ?

ಮುಂದಿನ ಭಾನುವಾರ ಪೀಠದಲ್ಲಿ ನಿಂತು, ನೀವು ಅಮೂಲ್ಯರು ಎಂದು ಜನರಿಗೆ ಹೇಳುವ ಮುನ್ನ ವೆನಿಸಿನ ಆ ಮುಖ್ಯಸ್ಥೆಯನ್ನು ನೆನೆಯೋಣ. ಆ ಮಾತನ್ನು ನಂಬಿದ ಒಬ್ಬರು ನಾಳೆ ಗುರುಮನೆಯ ಬಾಗಿಲು ತಟ್ಟಿ, ಮರಳಿ ಹೋಗಲಾರೆನೆಂದು ಹೇಳಬಹುದು. ಆಗ ಅವರ ಪರವಾಗಿ ನಿಲ್ಲಲು ಸಿದ್ಧರಿದ್ದರೆ ಮಾತ್ರ ಆ ಮಾತನ್ನು ಆಡುವ ಹಕ್ಕು ನಮ್ಮದು.